ಮರಣವೋ, ದಾಟುವಿಕೆಯೋ: ಕಾರವಾಜ್ಜೊನ ಒಂದು ಚಿತ್ರ ಬಲಿಪೀಠದಿಂದ ಇಳಿದ ಪ್ರಕರಣ

1607ರ ಏಪ್ರಿಲ್ ತಿಂಗಳು. ರೋಮಿನಲ್ಲಿ ಎರಡಾಳೆತ್ತರದ ಒಂದು ತೈಲಚಿತ್ರವನ್ನು ನೋಡಲು ವಾರವಿಡೀ ಜನ ಬಂದು ಹೋಗುತ್ತಿದ್ದರು. ಚಿತ್ರ ಆಗಲೇ ಮಾರಾಟವಾಗಿತ್ತು. ಕೊಂಡವನು ಉತ್ತರ ಇಟಲಿಯ ಮಾಂತುವಾದ ಡ್ಯೂಕ್ ವಿಂಚೆಂಜೊ ಗೊಂಜಾಗಾ. ಅದನ್ನು ಕಟ್ಟಿ ಕಳಿಸಬೇಕಿದ್ದ ಡ್ಯೂಕನ ರೋಮ್ ಪ್ರತಿನಿಧಿ ಜೊವಾನ್ನಿ ಮಾನ್ಯೊ ಮಾಂತುವಾಗೆ ಒಂದು ಕಾಗದ ಬರೆದು ಸಂಗತಿ ತಿಳಿಸುತ್ತಾನೆ: ಇಲ್ಲಿನ ಚಿತ್ರಕಾರರ ಸಂಘದವರ ಸಮಾಧಾನಕ್ಕಾಗಿ ಈ ವಾರ ಪೂರ್ತಿ ಚಿತ್ರವನ್ನು ತೋರಿಸಲೇಬೇಕಾಯಿತು. ಯಾರೂ ನಕಲು ತೆಗೆಯಕೂಡದು ಎಂದು ಮಾತ್ರ ಕಟ್ಟುನಿಟ್ಟು ಮಾಡಲಾಗಿತ್ತು.

ಅದು ಚರ್ಚಿನವರು ಬೇಡವೆಂದು ಹಿಂತಿರುಗಿಸಿದ ಚಿತ್ರ. ಬರೆದವನು ಆಗ ಊರಲ್ಲಿರಲಿಲ್ಲ. ಹಿಂದಿನ ವರ್ಷದ ಮೇ 28ರಂದು ರಾನುಚ್ಚೊ ತೊಮಾಸ್ಸೋನಿ ಎಂಬವನನ್ನು ಜಗಳದಲ್ಲಿ ಕೊಂದು ರೋಮ್ ಬಿಟ್ಟು ಓಡಿದ್ದ ಮಿಕೆಲಾಂಜೆಲೊ ಮೆರಿಸಿ, ಅಂದರೆ ಕಾರವಾಜ್ಜೊ, ಈ ಹೊತ್ತಿಗೆ ನೇಪಲ್ಸ್‌ನಲ್ಲಿ ಹೊಸ ಗಿರಾಕಿಗಳಿಗೆ ಚಿತ್ರ ಬರೆದುಕೊಡುತ್ತಿದ್ದ. ತಾನು ರೋಮಿನಲ್ಲಿ ಬಿಟ್ಟುಬಂದ ಅತಿ ದೊಡ್ಡ ಬಲಿಪೀಠ ಚಿತ್ರವನ್ನು ಅಲ್ಲಿನ ಚಿತ್ರಕಾರರು ಕಡೆಯ ಬಾರಿಗೆ ಕಣ್ತುಂಬಿಕೊಂಡಾಗ ಅವನು ಪಕ್ಕದಲ್ಲಿರಲಿಲ್ಲ.

ಚಿತ್ರದ ಹೆಸರು ‘ಮರಿಯ ಮಾತೆಯ ಮರಣ’. ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ 369 ಸೆಂಟಿಮೀಟರ್, ಅಗಲ 245. ಇದನ್ನು ಚರ್ಚು ಯಾಕೆ ತಿರಸ್ಕರಿಸಿತು ಎಂಬುದಕ್ಕೆ ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ: ದೇವಮಾತೆಯ ಜಾಗದಲ್ಲಿ ವೇಶ್ಯೆಯೊಬ್ಬಳ ಹೆಣ ಬರೆದ, ಪಾದ್ರಿಗಳು ಸಿಟ್ಟಾದರು. ಕತೆ ಸೊಗಸಾಗಿದೆ, ಅದಕ್ಕೇ ಉಳಿದುಕೊಂಡಿದೆ. ಕಾಗದಪತ್ರಗಳನ್ನೂ ಅದೇ ಚರ್ಚಿನಲ್ಲಿ ಆಮೇಲೆ ನಡೆದದ್ದನ್ನೂ ಜೊತೆಗಿಟ್ಟು ನೋಡಿದರೆ ಜಗಳದ ಬೇರು ಬೇರೆಡೆ ಇದೆ ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದು ಕರಾರು ಪತ್ರದ ಒಂದು ‘ಅಥವಾ’ದಲ್ಲೇ ಇದೆ.

ಕರಾರು

1601ರ ಜೂನ್ 14ರಂದು ಒಪ್ಪಂದವಾಯಿತು. ಚಿತ್ರ ಬರೆಸಿದವನು ಲಾಯೆರ್ಜಿಯೊ ಕೆರುಬೀನಿ, ಪೋಪರ ಆಡಳಿತದಲ್ಲಿ ಹೆಸರು ಮಾಡಿದ ನ್ಯಾಯವಾದಿ. ಪೋಪರ ಆಜ್ಞಾಪತ್ರಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದ ಮನುಷ್ಯ, ಅಂದರೆ ಒಂದೊಂದು ಪದದ ತೂಕ ಗೊತ್ತಿದ್ದವನು. ಟೈಬರ್ ನದಿಯ ಆಚೆ ದಡದ ತ್ರಾಸ್ತೆವೆರೆಯಲ್ಲಿ ಸಾಂತಾ ಮರಿಯಾ ದೆಲ್ಲ ಸ್ಕಾಲಾ ಎಂಬ ಹೊಸ ಚರ್ಚು ಏಳುತ್ತಿತ್ತು. ಮನೆಯೊಂದರ ಮೆಟ್ಟಿಲ ಬಳಿ ಇದ್ದ ಮರಿಯಳ ಪಟವೊಂದು ಪವಾಡ ಮಾಡಿತೆಂಬ ನಂಬಿಕೆಯಿಂದ 1593ರಲ್ಲಿ ಕಟ್ಟಲು ಶುರುಮಾಡಿದ ಚರ್ಚು ಅದು. ಹೆಸರಿನ ‘ಸ್ಕಾಲಾ’ ಎಂದರೆ ಮೆಟ್ಟಿಲು. 1597ರಿಂದ ಅದು ಬರಿಗಾಲ ಕಾರ್ಮೆಲ್ ಸನ್ಯಾಸಿಗಳ ವಶದಲ್ಲಿತ್ತು. ಅದರೊಳಗೆ ಕೆರುಬೀನಿಗೆ ಒಂದು ಪ್ರಾರ್ಥನಾ ಗುಡಿ ಸಿಕ್ಕಿತ್ತು. ಅದರ ಬಲಿಪೀಠಕ್ಕೆ ಚಿತ್ರ ಬೇಕಿತ್ತು.

ಷರತ್ತುಗಳು ಸರಳ. ವಾಯಿದೆ ಒಂದು ವರ್ಷ. ಮುಂಗಡ 50 ಸ್ಕೂದಿ (ಆಗಿನ ರೋಮಿನ ನಾಣ್ಯ). ಕೊನೆಯ ಬೆಲೆಯನ್ನು ಕಲಾಪ್ರೇಮಿ ಶ್ರೀಮಂತ ವಿಂಚೆಂಜೊ ಜುಸ್ತಿನಿಯಾನಿ ನಿರ್ಧರಿಸತಕ್ಕದ್ದು. ವಿಷಯವನ್ನು ಲ್ಯಾಟಿನ್ನಿನಲ್ಲಿ ಹೀಗೆ ಬರೆದಿದೆ: ‘ಮೋರ್ತೆಮ್ ಸೀವೆ ತ್ರಾನ್ಸಿತುಮ್’. ಪೂಜ್ಯ ಕನ್ಯೆ ಮರಿಯಳ ಮರಣ, ಅಥವಾ ದಾಟುವಿಕೆ.

ಇದರ ಸೂಕ್ಷ್ಮ ಕನ್ನಡದವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ನಮ್ಮಲ್ಲಿ ದೊಡ್ಡವರು ಸಾಯುವುದಿಲ್ಲ. ಕಾಲವಾಗುತ್ತಾರೆ, ಲಿಂಗೈಕ್ಯರಾಗುತ್ತಾರೆ, ವೈಕುಂಠವಾಸಿಗಳಾಗುತ್ತಾರೆ, ಪ್ರಭುವಿನಲ್ಲಿ ನಿದ್ರಿಸುತ್ತಾರೆ. ಮಠದ ಸ್ವಾಮಿಗಳ ವಿಷಯದಲ್ಲಿ ‘ಸತ್ತರು’ ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಮರುದಿನ ಏನಾಗಬಹುದೆಂದು ಯಾರಾದರೂ ಊಹಿಸಬಹುದು. ಹೇಳಿದ ಸಂಗತಿ ಒಂದೇ, ಆದರೆ ಒಂದು ಪದ ದೇಹವನ್ನು ತೋರಿಸುತ್ತದೆ, ಇನ್ನೊಂದು ದೇಹ ಬಿಟ್ಟು ಎಲ್ಲಿಗೆ ಹೋದರು ಎಂಬುದನ್ನು. ಕ್ಯಾಥೊಲಿಕ್ ನಂಬಿಕೆಯಲ್ಲಿ ಮರಿಯಳ ದೇಹ ಮಣ್ಣಾಗಲಿಲ್ಲ. ಆತ್ಮದೊಡನೆ ದೇಹವೂ ಸ್ವರ್ಗ ಸೇರಿತು. ಸ್ವರ್ಗಕ್ಕೆ ಮೊದಲು ಆಕೆ ನಿಜಕ್ಕೂ ಸತ್ತಳೋ, ಬರೀ ಮಲಗಿ ಎದ್ದಂತೆ ದಾಟಿದಳೋ ಎಂಬುದನ್ನು ಚರ್ಚು ಕಟ್ಟಾಜ್ಞೆಯಾಗಿ ಎಂದೂ ಹೇಳಲಿಲ್ಲ. 1950ರಲ್ಲಿ ಪೋಪ್ 12ನೇ ಪಯಸ್ ಸ್ವರ್ಗಾರೋಹಣವನ್ನು ಅಧಿಕೃತ ಸಿದ್ಧಾಂತವೆಂದು ಘೋಷಿಸಿದಾಗಲೂ ಮಾತನ್ನು ಜಾಣತನದಿಂದ ಜೋಡಿಸಿದರು: ‘ಭೂಮಿಯ ಬದುಕಿನ ಪಯಣ ಮುಗಿಸಿದ ಮೇಲೆ’. ಸಾವಿನ ಹೆಸರಿಲ್ಲ. 1601ರ ವಕೀಲನೂ ಅದೇ ಜಾಣತನದಿಂದ ‘ಅಥವಾ’ ಹಾಕಿದ್ದ.

ಚಿತ್ರಕಾರ ಮೊದಲ ಪದವನ್ನಷ್ಟೇ ಓದಿಕೊಂಡ.

ಚರ್ಚು ಕೇಳಿದ್ದೇನು

ಇಲ್ಲೊಂದು ತಮಾಷೆಯಿದೆ. ಬರೋಕ್, ಅಂದರೆ 17ನೇ ಶತಮಾನದ ನಾಟಕೀಯ ಶೈಲಿಯ, ಧಾರ್ಮಿಕ ಚಿತ್ರಗಳ ವಾಸ್ತವಿಕತೆ ಹಟಮಾರಿ ಕಲಾವಿದರು ಪಾದ್ರಿಗಳ ಮೇಲೆ ಹೇರಿದ್ದೆಂದು ನಾವು ಅಂದುಕೊಳ್ಳುತ್ತೇವೆ. ಅದನ್ನು ಬೇಡಿದ್ದು ಚರ್ಚೇ. ಪ್ರಾಟೆಸ್ಟೆಂಟರು ಉತ್ತರದಲ್ಲಿ ಪಟಗಳನ್ನು ಕಿತ್ತೆಸೆಯುತ್ತಿದ್ದಾಗ ರೋಮ್ ಪಟಗಳನ್ನು ಸಮರ್ಥಿಸಿಕೊಳ್ಳಬೇಕಾಯಿತು. ಟ್ರೆಂಟ್ ಧರ್ಮಸಭೆ 1563ರ ಡಿಸೆಂಬರಿನಲ್ಲಿ ಚಿತ್ರಗಳ ಬಗ್ಗೆ ಹೊರಡಿಸಿದ ನಿರ್ಣಯದ ಸಾರ ಇಷ್ಟು: ಓದು ಬರದ ಜನರಿಗೆ ಚಿತ್ರವೇ ಪಾಠ, ಅದು ಅವರ ಭಕ್ತಿಯನ್ನು ಕಲಕಬೇಕು, ಆದರೆ ಅದರಲ್ಲಿ ಅಸ್ತವ್ಯಸ್ತವಾದ, ಅಪವಿತ್ರವಾದ, ಮರ್ಯಾದೆ ಮೀರಿದ ಏನೂ ಇರಬಾರದು, ರೂಢಿಯಲ್ಲಿಲ್ಲದ ಚಿತ್ರವನ್ನು ಬಿಷಪ್ಪರ ಒಪ್ಪಿಗೆಯಿಲ್ಲದೆ ಎಲ್ಲೂ ಇಡಬಾರದು. ಎದೆ ಕಲಕು, ಎಲ್ಲೆ ಮೀರಬೇಡ. ಈ ಎರಡು ಮಾತುಗಳ ನಡುವಿನ ಇಕ್ಕಟ್ಟಿನಲ್ಲೇ ಮುಂದಿನ ಅರ್ಧ ಶತಮಾನದ ಚಿತ್ರಕಲೆ ಓಡಾಡಿತು.

ಧ್ಯಾನದ ಕ್ರಮವೂ ಅದೇ ದಿಕ್ಕಿಗೆ ತಿರುಗಿತ್ತು. ಸಂತ ಇಗ್ನೇಷಿಯಸ್ ಕಲಿಸಿದ ಧ್ಯಾನದಲ್ಲಿ ಸಾಧಕ ಮೊದಲು ಘಟನೆಯ ಜಾಗವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಕೋಣೆ ಎಷ್ಟು ದೊಡ್ಡದು, ದಾರಿ ಹೇಗಿದೆ, ಯಾರು ಏನು ಮಾತಾಡುತ್ತಿದ್ದಾರೆ, ಏನು ವಾಸನೆ. ಹೀಗೆ ಪಳಗಿದ ಕಣ್ಣಿಗೆ ಗಿಲೀಟು ಹಿನ್ನೆಲೆಯ ಹಳೆಯ ಪಟ ಸಪ್ಪೆಯೆನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಾರವಾಜ್ಜೊನ ನೆರಳು-ಬೆಳಕಿಗೆ ಗಿರಾಕಿಗಳು ಮುಗಿಬಿದ್ದದ್ದು ಇಂಥ ಕಾಲದಲ್ಲಿ. ಅವನು ಬೀದಿಯ ಮುಖಗಳನ್ನು ತಂದು ಸುವಾರ್ತೆಯ ಕತೆಯೊಳಗೆ ನಿಲ್ಲಿಸುತ್ತಾನೆಂಬುದು ಕೆರುಬೀನಿಗೆ ಗೊತ್ತಿತ್ತು. ಗೊತ್ತಿದ್ದೇ ಅವನನ್ನು ಕರೆದ.

ಕೋಣೆ

ಮರಿಯಳ ಮರಣದ ಕತೆ ಬೈಬಲ್ಲಿನಲ್ಲಿಲ್ಲ. ನಂತರದ ಪುರಾಣಗಳಿಂದ, ಮುಖ್ಯವಾಗಿ 13ನೇ ಶತಮಾನದಲ್ಲಿ ಕೂಡಿಸಿದ ಸಂತರ ಕತೆಗಳಿಂದ ಬಂದದ್ದು. ದೇವದೂತ ಬಂದು ಮರಣವನ್ನು ಮುಂಚೆಯೇ ತಿಳಿಸುತ್ತಾನೆ. ಲೋಕದ ಮೂಲೆಮೂಲೆಯಲ್ಲಿದ್ದ ಪ್ರೇಷಿತರನ್ನು, ಅಂದರೆ ಕ್ರಿಸ್ತನ ಶಿಷ್ಯರನ್ನು, ಮೋಡಗಳು ಎತ್ತಿ ತಂದು ಆಕೆಯ ಮನೆಬಾಗಿಲಲ್ಲಿ ಇಳಿಸುತ್ತವೆ. ಕ್ರಿಸ್ತ ತಾನೇ ಬಂದು ತಾಯಿಯ ಆತ್ಮವನ್ನು ಎಳೆಕೂಸಿನಂತೆ ಕೈಗೆತ್ತಿಕೊಳ್ಳುತ್ತಾನೆ. ಕಾರವಾಜ್ಜೊಗೆ ಮೊದಲಿನ ಚಿತ್ರಕಾರರು ಈ ಸಂಭ್ರಮವನ್ನೆಲ್ಲ ತುಂಬಿ ಬರೆಯುತ್ತಿದ್ದರು: ಗುರುವಸ್ತ್ರ ತೊಟ್ಟ ಪೇತ್ರ, ಮೇಣದ ಬತ್ತಿ, ಧೂಪ, ತೀರ್ಥ, ಮೇಲೆ ರೆಕ್ಕೆಯ ದೂತರು.

ಈ ಕೋಣೆಯಲ್ಲಿ ಅದಾವುದೂ ಇಲ್ಲ. ಮೇಲೆ ಮರದ ತೊಲೆಗಳ ಬೋಳು ಚಾವಣಿ. ಗೋಡೆಯಲ್ಲಿ ಏನೂ ಇಲ್ಲ. ಒಂದು ಗಿಡ್ಡ ಮಂಚ, ಅದಕ್ಕೂ ಉದ್ದ ಸಾಲದು. ಮರಿಯಳ ಬರಿಗಾಲುಗಳು ಎಡಕ್ಕೆ ಮಂಚದಾಚೆ ಚಾಚಿಕೊಂಡಿವೆ. ಮೈಮೇಲೆ ಕೆಂಪು ಉಡುಪು, ಎದೆಯ ಕಟ್ಟು ಸಡಿಲಿಸಿದ್ದಾರೆ. ಬಲಗೈ ಹೊಟ್ಟೆಯ ಮೇಲೆ ಬಿದ್ದಿದೆ. ಎಡಗೈ ದಿಂಬಿನ ಮೇಲೆ ಚಾಚಿ, ಮಣಿಕಟ್ಟಿನಿಂದಾಚೆ ಜೋತುಬಿದ್ದಿದೆ. ಆ ಕೈ ನೋಡಿದರೆ ಸಾಕು. ಮಲಗಿ ನಿದ್ದೆಮಾಡುವವರ ಕೈ ಹಾಗೆ ಜೋಲುವುದಿಲ್ಲ. ಪ್ರಾಣ ಹೋಗಿ ಸ್ವಲ್ಪ ಹೊತ್ತಾಗಿದೆ, ಯಾರೋ ಮೈಯನ್ನು ಸರಿಪಡಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದ್ದಾರೆ.

ಮುಂದುಗಡೆ ಗಿಡ್ಡ ಪೀಠದ ಮೇಲೆ ಕೂತ ಹುಡುಗಿಯೊಬ್ಬಳು ಸೊಂಟ ಮುರಿದಂತೆ ಬಾಗಿ ಅಳುತ್ತಿದ್ದಾಳೆ. ಮಗ್ದಲದ ಮರಿಯ ಇರಬೇಕು. ಅವಳ ಮುಖ ಕಾಣುವುದಿಲ್ಲ. ಕಾಣುವುದು ಬೆಳಕು ಬಿದ್ದ ಹೆಗಲು, ಕತ್ತಿನ ಹಿಂಭಾಗ, ಕಟ್ಟಿದ ಜಡೆ. ಕಾಲ ಬಳಿ ತಾಮ್ರದ ಬೋಗುಣಿ. ಹೆಣ ತೊಳೆಯಲು ತಂದ ನೀರು. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದು ಈ ಬೋಗುಣಿ. ಸಾವಿನ ಮನೆಯಲ್ಲಿ ದುಃಖದ ಜೊತೆಗೇ ಕೆಲಸವೂ ಇರುತ್ತದೆ. ಯಾರೋ ನೀರು ಕಾಯಿಸಬೇಕು, ಯಾರೋ ಬಟ್ಟೆ ಹುಡುಕಬೇಕು. ಅಷ್ಟು ಮಾಡಿ ಕೂತಮೇಲೆ ಅಳು ಒತ್ತರಿಸಿ ಬಂದವಳು ಇವಳು.

ಹಿಂದೆ ಪ್ರೇಷಿತರು. ಎಡದಿಂದ ಬಲಕ್ಕೆ ಒತ್ತಾಗಿ ನಿಂತ ಮುದುಕರು, ಬೋಳುತಲೆಗಳ ಮೇಲೆ ಬೆಳಕು ಜಾರಿದೆ. ಯಾರೂ ಕೈಯೆತ್ತಿ ಗೋಳಾಡುತ್ತಿಲ್ಲ. ಒಬ್ಬ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ. ತಲೆದಿಂಬಿನ ಹಿಂದೆ ನಿಂತ ಯೊವಾನ್ನ ಕೆನ್ನೆಗೆ ಕೈಕೊಟ್ಟು ಏನೂ ತೋಚದವನ ಹಾಗೆ ನೋಡುತ್ತಿದ್ದಾನೆ. ಶಿಲುಬೆಯ ಮೇಲಿಂದ ಕ್ರಿಸ್ತ ತಾಯಿಯನ್ನು ಒಪ್ಪಿಸಿದ್ದು ಇವನಿಗೇ. ಬರೋಕ್ ನಾಟಕೀಯತೆ ಎಂದಾಗ ನಾವು ಹಾರುವ ಬಟ್ಟೆ, ತಿರುಚಿದ ಮೈ, ಬಾಯ್ದೆರೆದ ಮುಖಗಳನ್ನು ನೆನೆಯುತ್ತೇವೆ. ಇಲ್ಲಿಯ ನಾಟಕ ಮೌನದ್ದು. ಎಲ್ಲರೂ ಮಾತು ನಿಲ್ಲಿಸಿದ ಮೇಲಿನ ಗಳಿಗೆ.

ಬೆಳಕು ಎಡಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಕಿಟಕಿ ಕಾಣುವುದಿಲ್ಲ, ದೀಪವೂ ಇಲ್ಲ. ಅದು ಮುದುಕರ ಹಣೆಗಳನ್ನು ಒಂದೊಂದಾಗಿ ಮುಟ್ಟಿಕೊಂಡು ಬಂದು ಮರಿಯಳ ಮುಖದ ಮೇಲೆ ನಿಲ್ಲುತ್ತದೆ. ಅವಳ ತಲೆಯ ಸುತ್ತ ಕೂದಲೆಳೆಯಂಥ ಪ್ರಭೆಯ ಗೆರೆ. ದೈವಿಕತೆಗೆ ಚಿತ್ರಕಾರ ಕೊಟ್ಟ ಗುರುತು ಅಷ್ಟೇ. ಮತ್ತೆ ಆ ಕೆಂಪು ಪರದೆ! ಚಿತ್ರದ ಮೇಲಿನ ಮೂರನೆಯ ಒಂದು ಭಾಗವನ್ನು ಅದೊಂದೇ ತುಂಬಿದೆ. ತೊಲೆಗೆ ಕಟ್ಟಿ ಎತ್ತಿದ ಭಾರದ ಬಟ್ಟೆ, ರಂಗದ ಪರದೆ ಎತ್ತಿದ ಹಾಗೆ. ಬೇರೆ ಚಿತ್ರಕಾರರು ಸ್ವರ್ಗ ಬರೆಯುವ ಜಾಗ ಅದು. ಇವನು ಅಲ್ಲಿ ಬಟ್ಟೆ ತೂಗುಹಾಕಿದ್ದಾನೆ.

ಪ್ರೇಷಿತರ ಗುಂಪು ಮುಂದುಗಡೆ ಎಡಕ್ಕೆ ತೆರೆದುಕೊಂಡಿರುವುದನ್ನೂ ಗಮನಿಸಬೇಕು. ಮಂಚದ ಸುತ್ತಲಿನ ವೃತ್ತದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಅದು ನೋಡುವವರದು. ಪೂಜೆಯ ಹೊತ್ತಲ್ಲಿ ಬಲಿಪೀಠದ ಮುಂದೆ ನಿಂತ ಪಾದ್ರಿಯೇ ಅಲ್ಲಿ ನಿಂತಂತಾಗುತ್ತಿತ್ತು, ಕಣ್ಣೆದುರು ಊದಿದ ಪಾದಗಳು.

ಚಾವಣಿ ಒಡೆದವನು

ಒಂದು ವರ್ಷದಲ್ಲಿ ಕೊಡಬೇಕಿದ್ದ ಚಿತ್ರ ವರ್ಷಗಟ್ಟಲೆ ಎಳೆಯಿತು. ಶೈಲಿ ನೋಡಿದ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು 1605-06ರ ಆಸುಪಾಸಿಗೆ ಇಡುತ್ತಾರೆ. ಆ ಹೊತ್ತಿನಲ್ಲಿ ಅವನು ಸಾನ್ ಬಿಯಾಜೊ ಗಲ್ಲಿಯಲ್ಲಿ ಪ್ರುದೆನ್ಸಿಯಾ ಬ್ರೂನಿ ಎಂಬ ಹೆಂಗಸಿನ ಮನೆಯಲ್ಲಿ ಬಾಡಿಗೆಗಿದ್ದ. 1604ರ ಬಾಡಿಗೆ ಕರಾರಿನಲ್ಲಿ ನಡುಮನೆಯ ಅರ್ಧ ಚಾವಣಿ ಬಿಚ್ಚಿಕೊಳ್ಳಲು ಅವನಿಗೆ ಅನುಮತಿ ಇತ್ತು. ಮರುವರ್ಷ ಬಾಡಿಗೆ ಬಾಕಿಗೂ ಚಾವಣಿ ಕೆಡಿಸಿದ್ದಕ್ಕೂ ಮನೆಯೊಡತಿ ದಾವೆ ಹಾಕಿ ಅವನ ಸಾಮಾನು ಜಪ್ತಿ ಮಾಡಿಸಿದಳು. ಮೂರೂಮುಕ್ಕಾಲು ಮೀಟರಿನ ಹತ್ತಿರ ಎತ್ತರದ ಕ್ಯಾನ್ವಾಸು ನಿಲ್ಲಿಸಲು ಸಾಮಾನ್ಯ ಮನೆಯ ಸೂರು ಸಾಲುವುದಿಲ್ಲ. ಮೇಲಿನಿಂದ ಒಂದೇ ಕಡೆ ಬೆಳಕು ಬೀಳಬೇಕೆಂದರೂ ಸೂರಿನಲ್ಲಿ ದಾರಿ ಬೇಕು. ಎರಡರಲ್ಲಿ ಯಾವುದಕ್ಕೆ ಒಡೆದನೋ, ಎರಡಕ್ಕೂ ಇರಬಹುದು. ದೈವಿಕ ಬೆಳಕೆಂದು ನಾವು ಪುಟಗಟ್ಟಲೆ ಬರೆಯುವ ಓರೆಗಿರಣ ಮನೆಯೊಡತಿಯ ಕಣ್ಣಿಗೆ ಸೂರಿನ ತೂತಾಗಿತ್ತು ಎಂದುಕೊಂಡರೆ ನನಗೆ ನಗು ಬರುತ್ತದೆ.

ಕೆಲಸದ ರೀತಿಯೂ ಊರಿನ ರೂಢಿಗೆ ಹೊರತಾಗಿತ್ತು. ಆ ಕಾಲದ ಚಿತ್ರಕಾರರು ಕಾಗದದ ಮೇಲೆ ಹತ್ತಾರು ಕರಡು ಗೀಚಿ, ಮೈಯನ್ನು ತಿದ್ದಿ ತೀಡಿ ಚೆಂದ ಮಾಡಿದ ಮೇಲೆ ಬಣ್ಣ ಮುಟ್ಟುತ್ತಿದ್ದರು. ಕಾರವಾಜ್ಜೊನ ಕೈಯ ಒಂದು ಕರಡೂ ಇವತ್ತಿನವರೆಗೆ ಖಚಿತವಾಗಿ ಸಿಕ್ಕಿಲ್ಲ. ಕಪ್ಪುಗಂದು ತಳದ ಮೇಲೆ ಕೆಲವು ಗೀರುಗಳನ್ನು ಎಳೆದು, ಮಾದರಿಗೆ ನಿಂತವರನ್ನು ಕಣ್ಣೆದುರಿಟ್ಟುಕೊಂಡು ನೇರವಾಗಿ ಬಣ್ಣ ಹಾಕುತ್ತಿದ್ದ. ಕರಡಿನ ಹಂತದಲ್ಲೇ ಗಿರಾಕಿ ‘ಕಾಲು ಮುಚ್ಚಿಸಿ’ ಎಂದು ಹೇಳುವ ಅವಕಾಶ ಹೀಗೆ ತಪ್ಪಿಹೋಗುತ್ತಿತ್ತು. ಚಿತ್ರ ಮುಗಿದ ಮೇಲೇ ತಕರಾರು.

ಮೂವರು ಸಾಕ್ಷಿಗಳು

ತಕರಾರು ಬಂತು, ಚಿತ್ರ ಇಳಿಯಿತು. ಯಾಕೆ ಎಂದು ಸನ್ಯಾಸಿಗಳೇ ಬರೆದಿಟ್ಟ ಕಾರಣ ನಮ್ಮ ಕೈಯಲ್ಲಿಲ್ಲ. ಇರುವುದು ಮೂವರು ಹೊರಗಿನವರ ಮಾತು.

ಮೊದಲನೆಯವನು ಜೂಲಿಯೊ ಮಾಂಚೀನಿ, ಆಮೇಲೆ ಪೋಪ್ 8ನೇ ಉರ್ಬನ್‌ಗೆ ವೈದ್ಯನಾದವನು. 1620ರ ಸುಮಾರಿಗೆ ಬರೆಯುತ್ತ, ಚಿತ್ರಕಾರ ತಾನು ಪ್ರೀತಿಸುತ್ತಿದ್ದ ಒಬ್ಬ ವೇಶ್ಯೆಯನ್ನು ಮರಿಯಳಿಗೆ ಮಾದರಿ ಮಾಡಿಕೊಂಡ, ಅದಕ್ಕೇ ಪಾದ್ರಿಗಳು ಚಿತ್ರ ಬೇಡವೆಂದರು ಎನ್ನುತ್ತಾನೆ. ಎರಡನೆಯವನು ಜೊವಾನ್ನಿ ಬಲ್ಯೋನೆ, ತಾನೂ ಚಿತ್ರಕಾರ. ಅವನ 1642ರ ಬರಹದಲ್ಲಿ ವೇಶ್ಯೆಯಿಲ್ಲ. ಮರ್ಯಾದೆ ನೋಡದೆ ಮರಿಯಳನ್ನು ಊದಿಕೊಂಡಂತೆ, ಕಾಲು ಬಿಟ್ಟುಕೊಂಡಂತೆ ಬರೆದದ್ದು ಕಾರಣ. ಈ ಬಲ್ಯೋನೆ 1603ರಲ್ಲಿ, ತನ್ನನ್ನು ಹೀಯಾಳಿಸುವ ಅಶ್ಲೀಲ ಪದ್ಯ ಹಂಚಿದರೆಂದು ಕಾರವಾಜ್ಜೊ ಮತ್ತವನ ಗೆಳೆಯರ ಮೇಲೆ ಮಾನನಷ್ಟದ ದಾವೆ ಹೂಡಿ ಅವನನ್ನು ಸೆರೆಮನೆಗೆ ಕಳಿಸಿದವನು. ಹಗೆಯವನ ಸಾಕ್ಷ್ಯವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಆದರೂ ಅವನು ವೇಶ್ಯೆಯ ಮಾತೆತ್ತದಿರುವುದು ಗಮನಾರ್ಹ. ಸಿಕ್ಕಿದ್ದರೆ ಬಿಡುವ ಆಸಾಮಿಯಲ್ಲ. ಮೂರನೆಯವನು ಕಲಾವಿದರ ಜೀವನಚರಿತ್ರೆ ಬರೆದ ಬೆಲ್ಲೋರಿ, 1672. ಸತ್ತು ಊದಿದ ಹೆಂಗಸನ್ನು ತೀರಾ ಇದ್ದಹಾಗೇ ಬರೆದ ಎಂಬುದು ಅವನ ಆಕ್ಷೇಪ.

ಟೈಬರ್ ನದಿಯಲ್ಲಿ ಮುಳುಗಿ ಸತ್ತವಳ ಹೆಣ ಮಾದರಿಯಾಗಿತ್ತು ಎಂಬ ಮಾತು ಈಗ ಪ್ರವಾಸಿ ಮಾರ್ಗದರ್ಶಿಗಳ ಬಾಯಲ್ಲೆಲ್ಲ ಇದೆ. ಈ ಮೂವರೂ ನದಿಯ ಹೆಸರೆತ್ತಿಲ್ಲ. ‘ಊದಿದ’ ಎಂಬ ಒಂದು ಪದ ಕಾಲಕ್ರಮದಲ್ಲಿ ನೀರು ಕುಡಿದು ಮತ್ತಷ್ಟು ಊದಿತು ಅನ್ನಬಹುದು.

ಬರಿಗಾಲಿನದು ಇನ್ನೊಂದು ವಿಚಿತ್ರ. ತಕರಾರು ತೆಗೆದವರು ಪಾದರಕ್ಷೆ ತೊಡುವುದಿಲ್ಲವೆಂದು ವ್ರತ ತೊಟ್ಟ ಸಭೆಯವರು! ಅಷ್ಟೇ ಅಲ್ಲ, ಅದೇ ವರ್ಷಗಳಲ್ಲಿ ಅದೇ ರೋಮಿನ ಸಾಂತ್ ಅಗೊಸ್ತೀನೊ ಚರ್ಚಿನಲ್ಲಿ ಕಾರವಾಜ್ಜೊನ ‘ಲೊರೆತೊದ ಮಾತೆ’ ಏರಿತು. ಅದರಲ್ಲಿ ಮೊಣಕಾಲೂರಿದ ಬಡ ಯಾತ್ರಿಕನ ಕೆಸರು ಮೆತ್ತಿದ ಅಂಗಾಲು ನೋಡುವವರ ಮುಖಕ್ಕೇ ಬಂದಂತಿದೆ. ಅದನ್ನು ಕಂಡು ಜನ ಕೋಳಿಗಳಂತೆ ಗದ್ದಲವೆಬ್ಬಿಸಿದರೆಂದು ಬಲ್ಯೋನೆ ಮೂಗು ಮುರಿಯುತ್ತಾನೆ. ಚಿತ್ರವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಇವತ್ತೂ ಅದೇ ಬಲಿಪೀಠದ ಮೇಲಿದೆ. ಯಾತ್ರಿಕನ ಕೊಳಕು ಕಾಲನ್ನು ರೋಮ್ ಸಹಿಸಿತು, ಏಕೆಂದರೆ ಅದು ಭಕ್ತನ ಕಾಲು. ಮೇಲೆ ಹೊಸ್ತಿಲಲ್ಲಿ ನಿಂತ ಮರಿಯ ಜೀವಂತವಾಗಿದ್ದಾಳೆ, ಪಾದ ನೆಲಕ್ಕೆ ತಾಕಿಯೂ ತಾಕದಂತಿದೆ.

ಅವನ ಚಿತ್ರಗಳು ವಾಪಸಾಗುವುದು ಹೊಸದೇನೂ ಆಗಿರಲಿಲ್ಲ. ಸಾನ್ ಲುಯಿಜಿ ಚರ್ಚಿಗೆ 1602ರಲ್ಲಿ ಬರೆದ ‘ಮತ್ತಾಯ ಮತ್ತು ದೇವದೂತ’ ಬೆಲ್ಲೋರಿಯ ಪ್ರಕಾರ ಒಪ್ಪಿಗೆಯಾಗದೆ, ಅದರ ಜಾಗಕ್ಕೆ ಇನ್ನೊಂದನ್ನು ಬರೆದುಕೊಟ್ಟ. ಮೊದಲನೆಯದನ್ನು ಜುಸ್ತಿನಿಯಾನಿ ಕೊಂಡ, ಅದು 1945ರಲ್ಲಿ ಬರ್ಲಿನ್‌ನಲ್ಲಿ ನಾಶವಾಯಿತು. 1606ರಲ್ಲಿ ಸಂತ ಪೇತ್ರರ ಮಹಾದೇವಾಲಯಕ್ಕೆ ಬರೆದ ಹಾವು ತುಳಿಯುವ ಮಾತೆಯ ಚಿತ್ರ ಅಲ್ಲಿ ಕೆಲವೇ ದಿನ ನಿಂತಿತು, ಕಾರ್ಡಿನಲ್ ಶಿಪಿಯೋನೆ ಬೊರ್ಗೇಸೆಯ ಮನೆ ಸೇರಿತು. ಬಲಿಪೀಠ ಬೇಡವೆಂದದ್ದಕ್ಕೆ ಸಂಗ್ರಾಹಕರು ಕ್ಯೂ ನಿಲ್ಲುತ್ತಿದ್ದರು.

ಸರಚೇನಿಯ ಎರಡು ಚಿತ್ರಗಳು

ಮೂವರು ಸಾಕ್ಷಿಗಳನ್ನು ಬಿಟ್ಟು ಚರ್ಚಿನ ಗೋಡೆಯನ್ನೇ ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಕಾರವಾಜ್ಜೊನ ಚಿತ್ರ ಹೋದ ಮೇಲೆ ಆ ಜಾಗಕ್ಕೆ ಚಿತ್ರ ಬರೆಯಲು ವೆನಿಸ್ ಮೂಲದ ಕಾರ್ಲೊ ಸರಚೇನಿಯನ್ನು ಕರೆದರು. ಸೌಮ್ಯ ಕುಂಚದವನು. ಹಿಂದೆ ಆದದ್ದು ಅವನಿಗೆ ಗೊತ್ತಿರಲೇಬೇಕು, ತಪ್ಪುಗಳನ್ನೆಲ್ಲ ಒಂದೊಂದಾಗಿ ತಿದ್ದಿದ. ಅವನ ಮರಿಯ ಹೆಣವಾಗಿ ಬಿದ್ದಿಲ್ಲ. ಒರಗಿ ಕೂತು, ಕೈಜೋಡಿಸಿ, ಕಣ್ಣು ಮೇಲೆತ್ತಿದ್ದಾಳೆ. ಮೈತುಂಬ ಬಟ್ಟೆ. ಊತವಿಲ್ಲ. ಸುತ್ತ ಪ್ರೇಷಿತರು ಸಾಲಾಗಿದ್ದಾರೆ. ಮೇಲ್ಗಡೆ ಚರ್ಚಿನ ಒಳಾಂಗಣದಂಥ ಕಟ್ಟಡದ ಹಿನ್ನೆಲೆ.

ಅದನ್ನೂ ಒಪ್ಪಲಿಲ್ಲ.

ಸರಚೇನಿ ಎರಡನೆಯ ಸಲ ಬರೆದ. ಮರಿಯ ಹಾಗೇ ಉಳಿದಳು, ಪ್ರೇಷಿತರೂ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಮೇಲಿನ ಭಾಗ. ಕಟ್ಟಡದ ಜಾಗದಲ್ಲಿ ಮೋಡ ಸೀಳಿತು, ಬೆಳಕು ಸುರಿಯಿತು, ದೇವದೂತರ ಮೇಳ ಇಳಿದು ಬಂತು. ಇದು ಪಾಸಾಯಿತು.

ನಾನು ಈ ಪ್ರಕರಣದಲ್ಲಿ ಹೆಚ್ಚು ತೂಕ ಕೊಡುವುದು ಇದಕ್ಕೇ. ಸರಚೇನಿಯ ಮೊದಲ ಚಿತ್ರದಲ್ಲಿ ವೇಶ್ಯೆಯ ಗುಲ್ಲಿಲ್ಲ, ಬರಿಗಾಲಿಲ್ಲ, ಊದಿದ ಹೊಟ್ಟೆಯಿಲ್ಲ. ಮಾಂಚೀನಿ, ಬಲ್ಯೋನೆ, ಬೆಲ್ಲೋರಿ ಹೇಳಿದ ಕಾರಣಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಆದರೂ ಸನ್ಯಾಸಿಗಳು ತೃಪ್ತರಾಗಲಿಲ್ಲ, ಕೊನೆಗೆ ತೃಪ್ತಿಪಡಿಸಿದ್ದು ಆಕಾಶ. ಅವರಿಗೆ ಬೇಕಿದ್ದದ್ದು ಕರಾರಿನ ಎರಡನೆಯ ಪದ. ತಮ್ಮ ಸಭೆಯೇ ಮರಿಯಳಿಗೆ ಮುಡಿಪಾದದ್ದು. ಆ ಬಲಿಪೀಠದ ಎದುರು ಮೊಣಕಾಲೂರಿದವರು ಆಕೆ ಹೋಗುವ ದಿಕ್ಕನ್ನು ನೋಡಬೇಕಿತ್ತು. ಕಾರವಾಜ್ಜೊನ ಕೋಣೆಯಿಂದ ಹೊರಗೆ ಹೋಗುವ ದಾರಿಯೇ ಇಲ್ಲ. ಚಾವಣಿ ಮುಚ್ಚಿದೆ.

ಹಾಗೆಂದು ಅವನ ಚಿತ್ರವನ್ನು ನಾಸ್ತಿಕನ ಚಿತ್ರವೆನ್ನುವ ಆಧುನಿಕರ ಉತ್ಸಾಹವೂ ನನಗೆ ಒಪ್ಪಿಗೆಯಿಲ್ಲ. ಪ್ರಭೆಯ ಗೆರೆಯನ್ನು ಅವನು ಬಿಡಬಹುದಿತ್ತು, ಬಿಡಲಿಲ್ಲ. ಬೆಳಕು ಎಲ್ಲಿಂದ ಬರುತ್ತದೆಂದು ತೋರಿಸಬಹುದಿತ್ತು, ತೋರಿಸಲಿಲ್ಲ. ಪ್ರೇಷಿತರಿಗೆ ಆ ಗಳಿಗೆಯಲ್ಲಿ ಏನು ಕಂಡಿತೋ ಅಷ್ಟನ್ನು ಬರೆದ. ದೂತರು ಬಂದಿದ್ದರೆ ಯಾರೂ ಅಳುತ್ತಿರಲಿಲ್ಲವಲ್ಲ.

ಮಾರಾಟ

ಫ್ಲಾಂಡರ್ಸ್‌ನ ಪೀಟರ್ ಪಾಲ್ ರೂಬೆನ್ಸ್ ಆಗ ಮಾಂತುವಾ ಡ್ಯೂಕನ ಆಸ್ಥಾನ ಚಿತ್ರಕಾರ, ಇನ್ನೂ 30 ತುಂಬದ ತರುಣ, ರೋಮಿನಲ್ಲಿದ್ದ. ಚಿತ್ರ ಮಾರಾಟಕ್ಕಿದೆಯೆಂದು ತಿಳಿದು ಡ್ಯೂಕನಿಗೆ ಕೊಳ್ಳಿರೆಂದು ಹೇಳಿದ. ಮಾನ್ಯೊ ನೋಡಲು ಹೋದ. 1607ರ ಫೆಬ್ರುವರಿಯ ಅವನ ಕಾಗದ ನನಗೆ ಬಹಳ ಇಷ್ಟ, ಅಷ್ಟು ಪ್ರಾಮಾಣಿಕವಾಗಿದೆ. ಕಸುಬು ಗೊತ್ತಿಲ್ಲದ ನಮ್ಮಂಥವರು ಕಣ್ಣಿಗೆ ಹಿತವಾದದ್ದನ್ನು ಬಯಸುತ್ತೇವೆ. ಈ ಚಿತ್ರದೊಳಗಿನ ಗುಟ್ಟಾದ ಕೌಶಲ ನನ್ನ ಬುದ್ಧಿಗೆ ನಿಲುಕದು. ನನ್ನ ಅನಿಸಿಕೆಗಿಂತ ಬಲ್ಲವರ ಮಾತಿಗೇ ತಲೆಬಾಗಿದ್ದೇನೆ ಎಂಬುದು ಅದರ ಸಾರ. ಕಾರ್ಮೆಲ್ ಸನ್ಯಾಸಿಗಳಂತೆಯೇ ಅವನಿಗೂ ಚಿತ್ರ ಹಿಡಿಸಲಿಲ್ಲ. ವ್ಯತ್ಯಾಸವೆಂದರೆ ಅವನು ಕೊಂಡಾಗ ಅದು ಪೂಜೆಯ ವಸ್ತುವಾಗಿ ಉಳಿದಿರಲಿಲ್ಲ, ಸಂಗ್ರಹದ ವಸ್ತುವಾಗಿತ್ತು. ಬೆಲೆ 280 ಸ್ಕೂದಿ. ಹೋಲಿಕೆಗೆ: ಮಹಾದೇವಾಲಯದಿಂದ ಇಳಿದ ಹಾವಿನ ಚಿತ್ರಕ್ಕೆ ಕಾರವಾಜ್ಜೊಗೆ ಸಿಕ್ಕಿದ್ದು 75.

ವಾರದ ಪ್ರದರ್ಶನ ಮುಗಿದ ಮೇಲೆ ರೂಬೆನ್ಸ್ ತಾನೇ ನಿಂತು ಮರದ ಪೆಟ್ಟಿಗೆ ಮಾಡಿಸಿದ. ಮುಂದಿನ ವರ್ಷವೇ ಅವನಿಗೂ ಅದೇ ಪಾಡು ಬಂತು: ರೋಮಿನ ಕಿಯೇಜಾ ನುವೋವಾ ಚರ್ಚಿಗೆ ಬರೆದ ಬಲಿಪೀಠ ಚಿತ್ರ ಬೆಳಕು ಹೊಡೆದು ಸರಿಯಾಗಿ ಕಾಣದೆ, ಬೇರೆ ಬರೆಯಬೇಕಾಯಿತು. ಮೊದಲನೆಯದನ್ನು ಡ್ಯೂಕನಿಗೆ ಕೊಡಲು ಹೋದ. ಡ್ಯೂಕ್ ಕೊಳ್ಳಲಿಲ್ಲ.

ಮುಂದಿನದು ರಾಜರ ಕೈಯಿಂದ ಕೈಗೆ. ಗೊಂಜಾಗಾ ಮನೆತನ ಸಾಲದಲ್ಲಿ ಮುಳುಗಿ 1627-28ರಲ್ಲಿ ಸಂಗ್ರಹವನ್ನು ಇಂಗ್ಲೆಂಡಿನ ದೊರೆ 1ನೇ ಚಾರ್ಲ್ಸ್‌ಗೆ ಮಾರಿತು. 1649ರಲ್ಲಿ ಚಾರ್ಲ್ಸ್‌ನ ತಲೆ ಹೋಯಿತು, ಚಿತ್ರಗಳು ಹರಾಜಿಗೆ ಬಂದವು. ಇದು ಪ್ಯಾರಿಸ್ಸಿನ ಬ್ಯಾಂಕರ್ ಎವರ್ಹಾರ್ಡ್ ಯಾಬಾಖ್‌ಗೆ ಸೇರಿ, ಅವನಿಂದ 1671ರಲ್ಲಿ 14ನೇ ಲೂಯಿಯ ಪಾಲಾಯಿತು. ಕಾರವಾಜ್ಜೊ 1610ರಲ್ಲೇ, 38ರ ವಯಸ್ಸಿನಲ್ಲಿ, ರೋಮಿಗೆ ಮರಳುವ ದಾರಿಯಲ್ಲಿ ಸತ್ತಿದ್ದ.

ತ್ರಾಸ್ತೆವೆರೆಯ ಚರ್ಚು ಹಾಗೇ ಇದೆ. ಪಕ್ಕದಲ್ಲಿ ಕಾರ್ಮೆಲ್ ಸನ್ಯಾಸಿಗಳ ಹಳೆಯ ಔಷಧಾಲಯವಿದೆ, ಬಹಳ ಜನ ಅದನ್ನು ನೋಡಲೆಂದೇ ಹೋಗುತ್ತಾರೆ. ಒಳಗೆ ಕೆರುಬೀನಿಯ ಗುಡಿಯಲ್ಲಿ ಸರಚೇನಿಯ ಮರಿಯ ಕೈಜೋಡಿಸಿ ಕೂತಿದ್ದಾಳೆ, ಮೇಲೆ ದೂತರ ಮೇಳ ಇಳಿಯುತ್ತಿದೆ.